ಮಗ್ಗದ ಕೋಣೆಯ ಹಸಿ ಬಟ್ಟೆ

"ಅಕ್ಕಾರ, ಇಳೀರಿ ಇನ್ನ. ಈ ಸ್ಟೂಲು ನಿಮ್ಮ ಭಾರ ತಡಿಯೂದಿಲ್ಲ," ಎಂದು ಕೆಳಗಿನಿಂದ ಸಬ್ ಇನ್ಸ್‌ಪೆಕ್ಟರ್ ಹೊಳೆಯಪ್ಪ ಗೋಗರೆದ.

"ನನ್ನ ಭಾರದ ಚಿಂತಿ ನಿನಗ ಬ್ಯಾಡ. ಬ್ಯಾಟರಿ ಮ್ಯಾಲ ಹಿಡಿ."

ಭುವನೇಶ್ವರಿಯ ದನಿ ಕೊಡದೊಳಗೆ ಬಾಯಿಟ್ಟು ಮಾತಾಡಿದಂತೆ ಕೇಳಿಸಿತು. ಕುತ್ತಿಗೆಯಿಂದ ಮೇಲೆ ಅವಳೆಲ್ಲ ಸೂರಿನಲ್ಲಿ ಓಡುವ ಎ.ಸಿ.ಯ ತಗಡಿನ ಗಾಳಿಕೊಳವೆಯೊಳಗೇ ಇದ್ದಳು. ಮೂಗಿಗೆ ಎರಡು ಸುತ್ತು ಕರವಸ್ತ್ರ, ಕೈಗೆ ರಬ್ಬರಿನ ಗವಸು. ಐವತ್ತರ ಹೆಂಗಸು ಇಂಥ ಸರ್ಕಸ್ಸು ಮಾಡುವುದನ್ನು ಬೆಟಗೇರಿಯ ಆ ಓಣಿಯ ಜನ ಕಂಡಿದ್ದರೆ ಒಂದು ವಾರ ಬೇರೆ ಮಾತಾಡುತ್ತಿರಲಿಲ್ಲ.

ಈ ಮನೆಯ ಯಜಮಾನ, ಸೀರೆ ವ್ಯಾಪಾರಿ ಪುಂಡಲೀಕಪ್ಪ, ಮೊನ್ನೆ ರಾತ್ರಿ ಮಲಗಿದ ಕೋಣೆಯಲ್ಲೇ ವಿಷದ ಗಾಳಿ ಕುಡಿದು ಪ್ರಜ್ಞೆ ತಪ್ಪಿದ್ದ. ಅದೇ ದಿನ ಹಗಲು ಈ ಕೊಳವೆಗಳನ್ನು ತೊಳೆದು ಹೋಗಿದ್ದ ಎ.ಸಿ. ಕೆಲಸದ ಹುಡುಗ ಮೊಹಸಿನ ಈಗ ಲಾಕಪ್ಪಿನಲ್ಲಿದ್ದ.

ಕೊಳವೆಯ ತಳ ಬೆಳಗಿದ ತಟ್ಟೆಯಂತೆ ಹೊಳೆಯುತ್ತಿತ್ತು. ವರ್ಷಗಟ್ಟಲೆ ಕೂತಿದ್ದ ಧೂಳು, ಬೂಷ್ಟು, ನೂಲಿನ ಜುಂಗು, ಎಲ್ಲವನ್ನೂ ಮೊಹಸಿನ ಬ್ರಷ್ಷಿನಿಂದ ಉಜ್ಜಿ, ದೊಡ್ಡ ಯಂತ್ರದಿಂದ ಹೀರಿ ತೆಗೆದಿದ್ದ. ಆ ಹೊಳಪಿನ ನಡುವೆ ಅಂಗೈಯಗಲ ಬೂದಿ ಬಣ್ಣದ ಪುಡಿ ಬಿದ್ದಿತ್ತು.

ಭುವನೇಶ್ವರಿ ಕರವಸ್ತ್ರ ತುಸು ಸರಿಸಿ ಮೂಸಿದಳು. ಕೊಳೆತ ಬೆಳ್ಳುಳ್ಳಿಯ ವಾಸನೆ. ಕೂಡಲೇ ಮೂಗು ಮುಚ್ಚಿಕೊಂಡಳು.

"ಹೊಳೆಯಪ್ಪಾ, ನಿಮ್ಮ ಊರಾಗ ಅಡತಿ ಅಂಗಡ್ಯಾಗ ಕಾಳಿನ ಚೀಲಕ್ಕ ಹುಳ ಬೀಳಬಾರದಂತ ಗುಳಿಗಿ ಇಡತಾರಲ್ಲ, ನೋಡೀಯೇನು?"

"ನೋಡೇನ್ರಿ. ಹಸಿ ಹತ್ತಿದ್ರ ಸಾಕು, ವಿಷದ ಹೊಗಿ ಏಳತೈತಿ. ಹೊಗಿ ಹೋದ ಮ್ಯಾಲ ಬರೇ ಬೂದಿ ಉಳೀತೈತಿ." ಹೇಳುತ್ತ ಹೇಳುತ್ತ ಹೊಳೆಯಪ್ಪನ ದನಿ ತಗ್ಗಿತು. "ಯಾಕ್ರಿ ಅಕ್ಕಾರ?"

"ಆ ಬೂದಿ ಇಲ್ಲೈತಿ."

ಅವಳು ಪುಡಿಯನ್ನು ಕಾಗದದಿಂದ ಎತ್ತಿ ಪ್ಲಾಸ್ಟಿಕ್ ಪೊಟ್ಟಣಕ್ಕೆ ಹಾಕಿದಳು. ಇಳಿಯುವ ಮೊದಲು ಕೊಳವೆಯ ಮುಚ್ಚಳವನ್ನೂ ಕೈಯಲ್ಲಿ ತಿರುಗಿಸಿ ನೋಡಿದಳು. ಬ್ರಷ್ಷು ಒಳಗೆ ಬಿಡಲು ಮೊಹಸಿನ ಅಲ್ಲಲ್ಲಿ ತಗಡು ಕೊಯ್ದು ಕಿಟಕಿ ಮಾಡಿದ್ದ. ಕೆಲಸ ಮುಗಿದ ಮೇಲೆ ಮುಚ್ಚಳವಿಟ್ಟು, ಸುತ್ತ ಬೆಳ್ಳಿ ಬಣ್ಣದ ಟೇಪು ಬಿಗಿದಿದ್ದ. ಮನೆಯಲ್ಲಿ ಉಳಿದ ಕಡೆಯೆಲ್ಲ ಆ ಟೇಪು ಇಸ್ತ್ರಿ ಮಾಡಿದಂತೆ ನೆಟ್ಟಗಿತ್ತು. ಇಲ್ಲಿ ಮಾತ್ರ ಅದನ್ನು ಹರಿದು, ಮೇಲೆ ಕಂದು ಟೇಪು ಅಂಟಿಸಿದ್ದರು. ಸೀರೆಯ ಪಾರ್ಸೆಲ್ಲಿಗೆ ಸುತ್ತುವ ಟೇಪು. ಅದರ ಅಂಟಿನ ಬದಿಗೆ ಒಂದೆರಡು ಹೆಸರುಕಾಳಿನ ಸಿಪ್ಪೆ ಕಚ್ಚಿಕೊಂಡಿದ್ದವು. ಆ ತುಂಡನ್ನು ಅವಳು ಕಿತ್ತಿಟ್ಟುಕೊಂಡಳು.

ಸ್ಟೂಲು ಇಳಿದು ಅವಳು ಬೆವರು ಒರೆಸಿಕೊಂಡಳು. ಮುಚ್ಚಳ ಮೇಲೆ ಹಾಗೇ ಜೋತಾಡುತ್ತಿತ್ತು.

"ಮೊಹಸಿನ ತೊಳದ ಹೋಗಿರಲಿಲ್ಲಂದ್ರ ಈ ಬೂದಿ ನಮಗ ಕಾಣತಿರಲಿಲ್ಲ ನೋಡು, ಕಸದಾಗ ಕಸ ಆಗತಿತ್ತು. ಗುಡಿಸಿದ ಅಂಗಳದಾಗ ಹೆಜ್ಜಿ ಕಾಣತಾವು. ಅಂವ ತೊಳದ ಮ್ಯಾಲ ಯಾರೋ ತೆಗದಾರ, ಇಟ್ಟಾರ, ಮುಚ್ಚ್ಯಾರ."

"ಅಂವನ ಇಟ್ಟಿರಬಾರದೇನ್ರಿ? ಬೂಷ್ಟು ಕೊಲ್ಲೂ ಔಷಧಿ ಹೊಡದೇನಿ ಅಂತ ಅಂವನ ಒಪ್ಪ್ಯಾನ."

"ಔಷಧಿ ಹೊಡದು, ಒಂದು ತಾಸು ಮಷಿನ್ ಓಡಿಸಿ ಒಣಗಿಸಿ, ಅದೇ ಪುಂಡಲೀಕಪ್ಪನ ಕೋಣ್ಯಾಗ ಜಾಲರಿ ಕೆಳಗ ಕುಂತು ಬುತ್ತಿ ಉಂಡಾನ. ಎದುರಿಗೆ ಪುಂಡಲೀಕಪ್ಪನೂ ಕುಂತಿದ್ದ. ವಿಷ ಇಟ್ಟಾಂವ ಅಲ್ಲೇ ಕುಂತು ರೊಟ್ಟಿ ಮುರೀತಾನೇನು?"

ಹೊಳೆಯಪ್ಪ ಬ್ಯಾಟರಿ ಆರಿಸಿದ. ಅವನಿಗೂ ಸಂಕಟವೇ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದಂತೆ, ಪುಂಡಲೀಕಪ್ಪನ ಮಗ ಕಿಶೋರ ಕೊಟ್ಟ ದೂರನ್ನು ಹಾಗೇ ಬರೆದುಕೊಂಡು ಹುಡುಗನನ್ನು ಒಳಗೆ ಹಾಕಿದ್ದರು. ಇವತ್ತು ಸಂಜೆಯೊಳಗೆ ಮೊಹಸಿನನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಆಮೇಲೆ ಅವನು ಜೈಲಿಗೆ. ಆಸ್ಪತ್ರೆಯ ರಕ್ತದ ವರದಿ ಬರಲು ಇನ್ನೂ ದಿನಗಳಿವೆ. ಅದು ಬರುವಷ್ಟರಲ್ಲಿ ಗದಗಿನಲ್ಲಿ ಒಬ್ಬರೂ ಅವನನ್ನು ತಮ್ಮ ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಅವನ ತಾಯಿ ಮೋತಿಬಿ ಬೆಳಗಿನಿಂದ ಭುವನೇಶ್ವರಿಯ ಕಚೇರಿಯ ಮೆಟ್ಟಿಲ ಮೇಲೆ ಕೂತಿದ್ದಳು, ಚಹಾ ಕೊಟ್ಟರೂ ಮುಟ್ಟಿರಲಿಲ್ಲ. ಪೊಲೀಸ್ ಕೆಲಸ ಬಿಟ್ಟು ಖಾಸಗಿ ತಪಾಸಣೆಗೆ ಕೂತ ಮೇಲೆ ಭುವನೇಶ್ವರಿಯ ಹತ್ತಿರ ಬಂದವರೆಲ್ಲ ಮೊದಲು ಫೀಸಿನ ಮಾತಾಡಿದ್ದರು. ಇವಳೊಬ್ಬಳು ಏನೂ ಮಾತಾಡದೆ ಕೂತುಬಿಟ್ಟಿದ್ದಳು, ಅದು ಭುವನೇಶ್ವರಿಯ ಎದೆಗೆ ನಾಟಿತ್ತು.

"ಒಂದು ಮಾತ್ರ ತಿಳೀವಲ್ದು," ಎಂದಳು ಅವಳು, ಮೇಲಿನ ಕೊಳವೆ ನೋಡುತ್ತ. "ಪುಂಡಲೀಕಪ್ಪನ ಕೋಣಿಗೆ ಹೋಗೂ ಕವಲು ಹಿಂದ ಐತಿ. ಅದನ್ನ ದಾಟಿ ಇಲ್ಲಿಗೆ ಬಂದ್ರ ಈ ಕೊಳವಿ ಹೋಗೂದು ಒಂದ ಕಡೆ. ಆ ತುದಿಗೆ."

ಇಬ್ಬರೂ ಇಕ್ಕಟ್ಟಾದ ಹಾದಿಯ ತುದಿಗೆ ನೋಡಿದರು. ಅಲ್ಲಿ ಮಗ್ಗದ ಕೋಣೆಯ ಗಿಡ್ಡ ಬಾಗಿಲಿತ್ತು. ಒಳಗಿನಿಂದ ಲಾಳಿ ಅತ್ತಿಂದಿತ್ತ ಹೊಡೆಯುವ ಸದ್ದು ಒಂದೇ ಸಮನೆ ಬರುತ್ತಿತ್ತು.

"ವಿಷ ಇಟ್ಟದ್ದು ಮಗ್ಗದ ಕೋಣಿ ಹಾದ್ಯಾಗ. ಬಿದ್ದದ್ದು ಪುಂಡಲೀಕಪ್ಪ. ಅದ್ಹೆಂಗ?"

ಅವಳ ಚೀಲ ಗೋಡೆಯ ಗೂಟದಲ್ಲಿ ತೂಗುತ್ತಿತ್ತು. ಕೆಲಸ ಶುರು ಮಾಡುವ ಮೊದಲೇ ಮಾಳಿಗೆಯ ಮೇಲಿನ ಎ.ಸಿ. ಮಷಿನ್ನಿನ ಫ್ಯೂಸು ಕಿತ್ತು ಅದರೊಳಗೆ ಹಾಕಿಟ್ಟಿದ್ದಳು. ಬೂದಿಯ ಪೊಟ್ಟಣವನ್ನೂ ಅದರಲ್ಲಿಟ್ಟು, ಚೀಲವನ್ನು ಅಲ್ಲೇ ಬಿಟ್ಟು ಅವಳು ಬಾಗಿಲು ತಟ್ಟಿದಳು.

ಒಳಗೆ ಅಗಳಿ ಸರಿಯಿತು.

"ಜಲ್ದಿ ಬರ್ರಿ, ಜಲ್ದಿ. ಗಾಳಿ ಹೊಕ್ಕತೈತಿ," ಎಂದು ಅಂಬವ್ವ ಇಬ್ಬರನ್ನೂ ಒಳಗೆಳೆದುಕೊಂಡು ಬಾಗಿಲು ಮುಚ್ಚಿದಳು. ಎಂಬತ್ತರ ಹತ್ತಿರದ ಮುದುಕಿ, ಪುಂಡಲೀಕಪ್ಪನ ಅಕ್ಕ. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ನೆಲದ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುವ ಈ ಕುಣಿ ಮಗ್ಗಕ್ಕೆ ಇಳಿದಿದ್ದಳು. ಊಟ, ನಿದ್ದೆ, ದೇವರು ಎಲ್ಲ ಇದೇ ಕೋಣೆಯಲ್ಲಿ.

ಕೋಣೆ ತಂಪಾಗಿತ್ತು, ಮಬ್ಬಾಗಿತ್ತು. ಮಣ್ಣಿನ ನೆಲಕ್ಕೆ ನೀರು ಚಿಮುಕಿಸಿದ ವಾಸನೆ ಎದ್ದಿತ್ತು. ಕಿಟಕಿಯ ಸಂದಿಗಳಿಗೂ ಚಿಂದಿ ತುರುಕಿದ್ದಳು. ಹೊರಗೆ ಆಷಾಢದ ಗಾಳಿ ಹುಚ್ಚು ಹಿಡಿದಂತೆ ಬೀಸುತ್ತಿತ್ತು.

ಭುವನೇಶ್ವರಿ ಒಮ್ಮೆ ಸುತ್ತ ನೋಡಿದಳು. ಅವಳ ಅಜ್ಜಿಯ ಕೋಣೆಯೂ ಹೀಗೇ ಇತ್ತು, ಇಲ್ಲಿಂದ ಎರಡು ಓಣಿ ಆಚೆ. ಒಣಗಾಳಿ ತಾಗಿದರೆ ಮಗ್ಗಕ್ಕೆ ಹಾಸಿದ ಎಳೆ ಪಟಪಟ ಹರಿಯುತ್ತವೆಂದು ಅಜ್ಜಿ ಮೊಮ್ಮಕ್ಕಳನ್ನು ಬಾಗಿಲ ಹತ್ತಿರವೂ ಬಿಡುತ್ತಿರಲಿಲ್ಲ.

"ದೊಡ್ಡವ್ವ, ಈ ಕೋಣಿಗೂ ಎ.ಸಿ. ಜಾಲರಿ ಹಾಕ್ಯಾರಲ್ಲ. ಅದರ ಗಾಳಿ ಎಳಿಗೆ ಆಗಿ ಬರತೈತೇನು?"

ಮುದುಕಿ ನಕ್ಕಳು. ಬೊಚ್ಚು ಬಾಯಿ, ಕಣ್ಣಿನಲ್ಲಿ ತುಂಟತನ.

"ಹಾಕಿದ ದಿನಾನ ಐವತ್ತ ಎಳಿ ಹರದ್ವು ತಂಗೀ. ತಮ್ಮನ ಮಗ ಹಾಕಿಸ್ಯಾನ, ಬ್ಯಾಡ ಅಂದ್ರ ನೊಂದಕೋತಾನ ಅಂತ ಸುಮ್ನಾದೆ. ಮರುದಿನ ಮುಂಜಾನಿ ಹಿಂಗ ಮಾಡಿದೆ."

ಅವಳು ಬೆರಳು ತೋರಿಸಿದಳು. ಮೂಲೆಯ ಕತ್ತಲಲ್ಲಿ, ಮಣೆ ಹತ್ತಿದರೆ ಕೈಗೆಟಕುವ ತಗ್ಗು ಸೂರಿನ ಜಾಲರಿಯ ತುಂಬ ಹಳೆಯ ಇಳಕಲ್ ಸೀರೆಯ ತುಂಡೊಂದು ಬಿಗಿಯಾಗಿ ತುರುಕಿತ್ತು. ಬಟ್ಟೆ ಹಸಿಯಾಗಿತ್ತು, ತುದಿಯಿಂದ ಒಂದು ಹನಿ ಜಾರಿ ನೆಲಕ್ಕೆ ಬಿತ್ತು.

"ಹಸಿ ಅರಿವಿ ಇದ್ರ ಗಾಳೀನೂ ನಿಂದರತೈತಿ, ಕೋಣೀನೂ ತಂಪಿರತೈತಿ. ಮೊನ್ನೆ ಆ ಮೊಹಸಿನ ಜಾಲರಿ ತೊಳಿಯಾಕ ತಗಿಸಿದ್ದ. ಅಂವ ಅತ್ತಾಗ ಹೋದ, ನಾ ಇತ್ತಾಗ ಮತ್ತ ತುರುಕಿದೆ."

ಭುವನೇಶ್ವರಿ ಹೊಳೆಯಪ್ಪನ ಮುಖ ನೋಡಿದಳು. ಅವನಿಗೆ ಇನ್ನೂ ಅರ್ಥವಾಗಿರಲಿಲ್ಲ. ಅವಳಿಗೆ ಆಗಿತ್ತು.

"ರಾತ್ರಿ ಇಲ್ಲೇ ಮಲಗತೀಯೇನು ದೊಡ್ಡವ್ವ?"

"ಮತ್ತೆಲ್ಲಿ? ಈ ಮಗ್ಗ ಬಿಟ್ಟು ನಾ ಎಲ್ಲಿ ಹೋಗಲಿ? ಇದರ ಸಪ್ಪಳ ಕೇಳೂತನಕ ಈ ಮನಿ ಕೆಡವಾಂಗಿಲ್ಲಂತ ನನ್ನ ತಮ್ಮ ಮಾತು ಕೊಟ್ಟಾನ. ಕಿಶೋರಗ ಹೇಂತಿ ಅಣ್ಣನ ಕೂಡ ಇಲ್ಲಿ ಮೂರಂತಸ್ತಿನ ಅಂಗಡಿ ಕಟ್ಟಸೂದೈತಿ. ಕಟ್ಟಸಲಿ, ನಾ ಹೋದ ಮ್ಯಾಲ." ತಮ್ಮನ ನೆನಪಿಗೆ ಅವಳ ಕಣ್ಣು ತುಂಬಿದವು. "ದೇವರಂಥಾಂವ. ನನಗ ಬ್ಯಾನಿ ಆದಾಗ ಬನಶಂಕರಿಗೆ ಹರಕಿ ಹೊತ್ತು ಚಪ್ಪಲಿ ಬಿಟ್ಟಾಂವ, ಇನ್ನೂ ಕಾಲಿಗೆ ಮುಟ್ಟಿಸಿಲ್ಲ. ಇಂಥಾ ಮಳಿಗಾಲದಾಗೂ ಬರಿಗಾಲ. ಅಂವಗ ಯಾರ ಯಾಕ ವಿಷಾ ಹಾಕತಾರ ತಂಗೀ?"

ಭುವನೇಶ್ವರಿ ಮುದುಕಿಯ ಕೈ ಹಿಡಿದುಕೊಂಡಳು. ನಿನಗೇ ಹಾಕಿದ್ದು ಎಂದು ಹೇಳಲು ನಾಲಿಗೆ ಏಳಲಿಲ್ಲ.

"ಈ ಅರಿವಿ ನಾವು ಒಯ್ಯತೇವಿ ದೊಡ್ಡವ್ವ. ಇದು ಸಾಕ್ಷಿ."

"ಹಂಗಾರ ಇನ್ನೊಂದು ತುರುಕಲ್ಯಾ?"

"ಬ್ಯಾಡ. ಪೊಲೀಸರು ಫೋಟೋ ತಗೀಬೇಕು, ಜಾಲರಿ ಮುಟ್ಟಬ್ಯಾಡ. ಮಷಿನ್ ಬಂದ್ ಐತಿ, ಗಾಳಿ ಬರೂದಿಲ್ಲ. ನೀ ನಿಶ್ಚಿಂತಿ ನೇಯಿ."

ಹೊಳೆಯಪ್ಪ ಮಣೆ ಹತ್ತಿ ಬಟ್ಟೆ ಎಳೆದ. ಅವರು ಹೊರಗೆ ಬಂದ ಕೂಡಲೇ ಹಿಂದೆ ಅಗಳಿ ಬಿತ್ತು, ಲಾಳಿ ಮತ್ತೆ ಓಡತೊಡಗಿತು.

"ಈಗ ತಿಳೀತೇನು?" ಎಂದಳು ಅವಳು ಪಿಸುದನಿಯಲ್ಲಿ. "ಗುಳಿಗಿ ಇಟ್ಟದ್ದು ಈ ಮುದುಕಿ ಸಲುವಾಗಿ. ಹೊಗಿ ಮುಂದ ಹೋಗಾಕ ಅರಿವಿ ಬಿಡಲಿಲ್ಲ. ಒಲಿಗೆ ಮುಂದ ಹಾದಿ ಇಲ್ಲಂದ್ರ ಹೊಗಿ ಹಿಂದ ಬರತೈತಿ. ಹಿಂದ ಮೊದಲ ಸಿಗೂದು ಪುಂಡಲೀಕಪ್ಪನ ಜಾಲರಿ."

"ಹಂಗಾರ ಈ ಅರಿವಿ ಸುದ್ದಿ ಗೊತ್ತಿಲ್ಲದಾಂವ ಇಟ್ಟಾನ."

"ಗೊತ್ತಿಲ್ಲದಾಂವ, ಇಲ್ಲಾ ಗೊತ್ತಿಲ್ಲದಾಕಿ. ನೇಕಾರರ ಮನ್ಯಾಗ ಹುಟ್ಟಿದ ಕೂಸಿಗೂ ಗೊತ್ತಿರತೈತಿ, ಮಗ್ಗಕ್ಕ ಗಾಳಿ ಬಿಡಬಾರದಂತ. ಇದು ಹೊರಗಿನಿಂದ ಬಂದವರ ಕೆಲಸ." ಅವಳು ಕಂದು ಟೇಪಿನ ತುಂಡು ಎತ್ತಿ ಹಿಡಿದಳು. "ಕಿಶೋರನ ಹೇಂತಿ ಸಪ್ನಾ ಎಲ್ಲಿಯಾಕಿ?"

"ಲಕ್ಷ್ಮೇಶ್ವರದಾಕ್ರಿ. ಅಕಿ ಅಣ್ಣ ಕಿರಣಕುಮಾರನ ಅಡತಿ ಅಂಗಡಿ ಐತಿ. ಹೆಸರು, ಕಡ್ಲಿ, ಜ್ವಾಳ." ಹೊಳೆಯಪ್ಪ ಟೇಪಿಗೆ ಅಂಟಿದ್ದ ಸಿಪ್ಪೆ ನೋಡಿ ಬಾಯಿ ಮುಚ್ಚಿಕೊಂಡ.

ಪಡಸಾಲೆಯಲ್ಲಿ ಗಂಡ ಹೆಂಡತಿ ಕಾಯುತ್ತಿದ್ದರು. ಕಿಶೋರ ಮೂವತ್ತೈದರವನು, ಬಿಳಿ ಅಂಗಿ, ಎರಡು ದಿನದ ಗಡ್ಡ. ಸಪ್ನಾ ಕಂಬಕ್ಕೆ ಒರಗಿ ನಿಂತಿದ್ದಳು. ಅತ್ತು ಅತ್ತು ಮುಖ ಬಾತಿತ್ತು. ಪಡಸಾಲೆಯಾಚೆ ಮುಂಬಾಗಿಲ ಹೊಸ್ತಿಲು. ಬೆಳಿಗ್ಗೆ ಒಳಗೆ ಬರುವಾಗ ಭುವನೇಶ್ವರಿ ಅಲ್ಲಿ ಚಪ್ಪಲಿ ಬಿಟ್ಟಿದ್ದಳು, ಪಕ್ಕದಲ್ಲಿ ಗಂಡಸಿನ ದೊಡ್ಡ ಕೊಲ್ಹಾಪುರಿ ಜೋಡೊಂದಿತ್ತು. ಆಸ್ಪತ್ರೆಗೆ ಹೋದ ಯಜಮಾನನವು, ಪಾಪ, ಎಂದುಕೊಂಡು ಕಾಲಿನಿಂದ ತುಸು ಬದಿಗೆ ಸರಿಸಿದ್ದಳು.

"ಎಷ್ಟೊತ್ತಿನ ನಾಟಕ ಇದು?" ಕಿಶೋರ ಕೂತಲ್ಲಿಂದಲೇ ಗುಡುಗಿದ. "ಅಲ್ಲಿ ನಮ್ಮಪ್ಪ ಉಸಿರಾಡಾಕ ಒದ್ದಾಡಾಕತ್ತಾನ. ನೀವು ಇಲ್ಲಿ ಸೂರು ಕೆದರತೀರಿ. ಕೊಂದಾಂವ ನಿಮ್ಮ ಲಾಕಪ್‌ನಾಗ ಅದಾನ ಹೌದಿಲ್ಲೋ?"

"ಕೊಂದಾಂವ ಅಂತೀರಲ್ಲ, ನಿಮ್ಮ ಅಪ್ಪಾರು ಇನ್ನೂ ಅದಾರ," ಎಂದಳು ಭುವನೇಶ್ವರಿ ಮೆಲ್ಲಗೆ.

ಕಿಶೋರ ತುಟಿ ಕಚ್ಚಿಕೊಂಡ.

ಅವಳು ಕಂದು ಟೇಪಿನ ತುಂಡನ್ನು ಅವನ ಮುಂದಿನ ಮೇಜಿನ ಮೇಲಿಟ್ಟಳು. "ಈ ಟೇಪು ನಿಮ್ಮ ಅಂಗಡೀದಲ್ಲೇನು?"

"ನಮ್ಮದ. ಗದಗಿನ ಎಲ್ಲಾ ಅಂಗಡ್ಯಾಗೂ ಇದ ಟೇಪ. ಏನೀಗ?"

"ಮುಂಜಾನಿ ಇದರ ರೋಲು ಇದೇ ಮೇಜಿನ ಮ್ಯಾಲಿತ್ತು. ಈಗ ಎಲ್ಲೈತಿ?"

ಗಂಡ ಹೆಂಡತಿ ಇಬ್ಬರೂ ಮೇಜಿನ ಕಡೆ ನೋಡಿದರು. ರೋಲು ಇರಲಿಲ್ಲ. ಕಿಶೋರ ಹೆಂಡತಿಯ ಮುಖ ನೋಡಿದ, ಅವಳು ಇಲ್ಲವೆಂದು ತಲೆಯಾಡಿಸಿದಳು.

"ಮೊಹಸಿನ ಹೋದ ಮ್ಯಾಲ ಯಾರೋ ಕೊಳವಿ ತಗದು ಕಾಳಿನ ಗುಳಿಗಿ ಇಟ್ಟು, ಈ ಟೇಪು ಹಚ್ಚ್ಯಾರ. ಟೇಪಿಗೆ ಹೆಸರಿನ ಸಿಪ್ಪಿ ಹತ್ತ್ಯಾವು. ಸಪ್ನಾ, ನಿಮ್ಮ ಅಣ್ಣಾರು ಇವತ್ತ ಎಲ್ಲಿ ಅದಾರ?"

ಸಪ್ನಾ ಕಂಬ ಬಿಟ್ಟು ನೆಟ್ಟಗೆ ನಿಂತಳು. "ನಮ್ಮಣ್ಣ ಯಾಕ್ರಿ? ಅಂವ ಶಿರಹಟ್ಟಿ ಮಠಕ್ಕ ಹೋಗ್ಯಾನ. ಮಾವಾರ ಹೆಸರೀಲೆ ಪೂಜಾ ಮಾಡಸತೇನಿ ಅಂತ ಮುಂಜಾನಿ ಫೋನ್ ಮಾಡಿದ್ದ."

"ಮೊನ್ನೆ ಮನಿಗೆ ಬಂದಿದ್ರೇನು?"

"ಬಂದಿದ್ದ. ಚಲೋ ಹೆಸರುಕಾಳು ಬಂದಾವಂತ ಒಂದು ಚೀಲ ಕೊಟ್ಟು ಹ್ವಾದ. ಅದಕ್ಕ ಅಂವ ವಿಷಾ ಇಟ್ಟಂಗಾತೇನು?" ಅವಳ ದನಿ ಒಡೆಯಿತು. "ಮಾವಾರು ನನಗ ತಂದಿ ಇದ್ದಂಗ. ಅವರಿಗೆ ಕೆಟ್ಟದ್ದು ಬಯಸಿದ್ರ ನನ್ನ ನಾಲಿಗಿ ಹುಳತ ಹೋಗಲಿ."

"ಗುಳಿಗಿ ಮಾವಾರ ಸಲುವಾಗಿ ಇಟ್ಟಿರಲಿಲ್ಲವ್ವಾ."

ಒಳಗಿನಿಂದ ಮಗ್ಗದ ಸದ್ದೊಂದೇ ಕೇಳುತ್ತಿತ್ತು.

"ಅಂಬವ್ವನ ಸಲುವಾಗಿ ಇಟ್ಟಿದ್ರು."

ಸಪ್ನಾ ಸೆರಗು ಬಾಯಿಗೆ ಒತ್ತಿಕೊಂಡಳು. ಕಿಶೋರ ಎದ್ದು ನಿಂತ. ಅವನು ನಗಲು ಯತ್ನಿಸಿದ್ದನ್ನು ಭುವನೇಶ್ವರಿ ನೋಡಿದಳು; ನಗು ಅರ್ಧಕ್ಕೇ ನಿಂತಿತು.

"ತಲಿ ಕೆಟ್ಟೈತೇನ್ರಿ ನಿಮಗ? ನಮ್ಮ ಅತ್ತಿ ಸಲುವಾಗಿ ಇಟ್ಟಿದ್ರ ಅಕೀಗೇನೂ ಯಾಕಾಗಿಲ್ಲ? ಐದು ವರ್ಷದಿಂದ ಅಕಿ ಕೋಣಿಗೆ ಅದ ಕೊಳವಿ, ಅದ ಗಾಳಿ. ಅಕಿ ಆರಾಮಾಗಿ ತಣ್ಣಗ ಇರಲಿ ಅಂತ ನಾನ ಅಲ್ಲೀತನಕ ಹಾಕ್ಸೇನಿ. ಅಕೀಗಿ ಇಟ್ಟ ವಿಷಾ ಅಕೀಗೆ ತಟ್ಟದ ಅಪ್ಪಗ ಹೆಂಗ ತಟ್ಟತೈತಿ? ಹೇಳ್ರಿ!"

ಅದೇ ಪ್ರಶ್ನೆ ಭುವನೇಶ್ವರಿಯೂ ಕೇಳಿಕೊಂಡಿದ್ದಳು, ಅದೇ ಮಾತುಗಳಲ್ಲಿ. ಆದರೂ ಆ ಕ್ಷಣಕ್ಕೆ ಅವಳ ಕಣ್ಣು ಸಪ್ನಾಳ ಮೇಲೇ ಇತ್ತು. ಬಲೆ ಹಾಕಿದ್ದು ಅವಳಿಗೆ.

"ಸಪ್ನಾ, ನೀವು ಹೇಳ್ರಿ. ಮಗ್ಗದ ಕೋಣ್ಯಾಗ ಎ.ಸಿ. ಗಾಳಿ ಚಲೋ ಬರತೈತೇನು?"

ಸಪ್ನಾ ಗಂಡನ ಕಡೆ ನೋಡಿದಳು, ನೆಲದ ಕಡೆ ನೋಡಿದಳು. ದೊಡ್ಡದೊಂದು ತಪ್ಪು ಒಪ್ಪಿಕೊಳ್ಳುವವಳಂತೆ ಬಾಯಿಬಿಟ್ಟಳು.

"ಬರೂದಿಲ್ರಿ. ಇವರಿಗೆ ಹೇಳಬ್ಯಾಡ ಅಂತ ದೊಡ್ಡತ್ತಿಯಾರು ಆಣಿ ಹಾಕ್ಯಾರ. ಎಳಿ ಹರೀತಾವಂತ ಜಾಲರಿಗೆ ಅರಿವಿ ತುರಕ್ಯಾರ. ದಿನಾ ಮುಂಜಾನಿ ಆ ಅರಿವಿ ತೋಯಿಸಿ ಕೊಡಾಕಿ ನಾನ."

ಭುವನೇಶ್ವರಿಗೆ ಕೆನ್ನೆಗೆ ಹೊಡೆದಂತಾಯಿತು.

ಹೊರಗಿನಿಂದ ಬಂದವಳಿಗೆ ಗೊತ್ತಿತ್ತು. ಕಾಳುಕಡಿಯ ಮನೆಯ ಮಗಳು ಐದು ವರ್ಷ ದಿನಾ ಬೆಳಿಗ್ಗೆ ಬಟ್ಟೆ ತೋಯಿಸಿ ಕೊಟ್ಟಿದ್ದಳು. ಹಾಗಾದರೆ ಗೊತ್ತಿಲ್ಲದವನು...

"ಅರಿವಿ?" ಎಂದ ಕಿಶೋರ. "ಯಾವ ಅರಿವಿ?"

ಅವನ ಮುಖದಲ್ಲಿ ಬೆರಗು ಇರಲಿಲ್ಲ. ಎರಡು ದಿನದಿಂದ ಬಿಡಿಸಲಾಗದ ಒಗಟೊಂದು ಬಿಡಿಸಿದವನ ಮುಖ ಅದು. ಬಿಡಿಸಿದ್ದು ತನಗೇ ಉರುಳಾಯಿತೆಂದು ಕಂಡವನ ಮುಖ. ತುಟಿ ಬಿಳಿಚಿದವು, ಕೈ ಮೇಜಿನ ಅಂಚು ಹುಡುಕಿತು.

"ನೀವು ಮಗ್ಗದ ಕೋಣ್ಯಾಗ ಕಾಲಿಟ್ಟು ಎಷ್ಟು ದಿನ ಆತು ಕಿಶೋರ?" ಭುವನೇಶ್ವರಿ ಅವನ ಹತ್ತಿರ ಹೋಗಿ ಕೇಳಿದಳು. ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆ ಅವಳನ್ನು ಸುಡುತ್ತಿತ್ತು. ನಮ್ಮವನು, ನೇಕಾರರ ಮಗ, ಮಗ್ಗದ ಕೆಳಗೆ ಆಡಿ ಬೆಳೆದವನು, ಇಂಥದ್ದು ಮಾಡಲಾರ ಎಂದು ಅವನನ್ನು ಲೆಕ್ಕದಿಂದಲೇ ಬಿಟ್ಟಿದ್ದಳು. ಲಕ್ಷ್ಮೇಶ್ವರದ ಹೆಣ್ಣೆಂದು ಸಪ್ನಾಳ ಮೇಲೆ ಬೆರಳು ತೋರಿಸಿದ್ದಳು. ಮೊಹಸಿನನನ್ನು ಹಿಡಿದವರಿಗೂ ತನಗೂ ಏನು ವ್ಯತ್ಯಾಸ?

"ಕೆಸರು... ಆ ಹಸಿ ನೆಲ ನನಗ ಆಗೂದಿಲ್ಲ," ಎಂದು ತೊದಲಿದ ಅವನು. "ನಾ ಯಾಕ ಹೋಗಲಿ? ನಾ ಕೊಳವಿ ಮುಟ್ಟಿಲ್ಲ. ಟೇಪು ಹಚ್ಚಿದ್ದು ನಾ ಅಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

"ಟೇಪು ನೀವು ಹಚ್ಚೀರಿ ಅಂತ ನಾ ಇನ್ನೂ ಅಂದೇ ಇಲ್ಲ."

"ರೀ..." ಎಂದಳು ಸಪ್ನಾ. ಅಷ್ಟೇ. ಆ ಒಂದು ಕೂಗಿನಲ್ಲಿ ಐದು ವರ್ಷದ ಸಂಸಾರ ಕಳಚಿ ಬಿದ್ದಿತು. ಕಿಶೋರ ಅವಳ ಕಡೆ ತಿರುಗಲಿಲ್ಲ.

ಹೊಳೆಯಪ್ಪ ಮುಂದೆ ಬಂದು ಅವನ ತೋಳು ಹಿಡಿದ. ಭುವನೇಶ್ವರಿ ದೀರ್ಘವಾಗಿ ಉಸಿರು ಬಿಟ್ಟಳು. ಸಂಜೆಗೆ ಇನ್ನೂ ಹೊತ್ತಿತ್ತು. ಮೋತಿಬಿಗೆ ಫೋನ್ ಮಾಡಬೇಕು, ಮೊದಲು ಒಂದು ಗುಟುಕು ಚಹಾ ಕುಡಿ ಎನ್ನಬೇಕು ಎಂದುಕೊಂಡಳು. ಅವಳ ಫೋನು ಚೀಲದಲ್ಲಿತ್ತು.

ಆಗ ಮಾಳಿಗೆಯ ಮೇಲೆ ಏನೋ ಕೆಮ್ಮಿತು.

ಒಮ್ಮೆ ಕೆಮ್ಮಿ, ನಡುಗಿ, ಆಮೇಲೆ ಒಂದೇ ಸಮನೆ ಗುಂಯ್‌ಗುಡತೊಡಗಿತು. ಸೂರಿನ ಜಾಲರಿಯಿಂದ ತಣ್ಣನೆಯ ಗಾಳಿ ಇಳಿದು ಸಪ್ನಾಳ ಮುಂಗುರುಳು ಹಾರಿಸಿತು.

"ಮಷಿನ್," ಎಂದ ಹೊಳೆಯಪ್ಪ. "ಅಕ್ಕಾರ, ಫ್ಯೂಸ್ ನಿಮ್ಮ ಹತ್ರ ಐತಲ್ರಿ?"

ಕಿಶೋರ ತೋಳು ಬಿಡಿಸಿಕೊಳ್ಳಲು ಕೊಸರಿದ. ಸೂರು ನೋಡುತ್ತ ಚೀರಿದ.

"ಸಾಕು, ಇನ್ನ ಬ್ಯಾಡಂತ ಹೇಳಿದ್ದೆ ಅಂವಗ! ಅಪ್ಪ ಬಿದ್ದ ದಿನಾನ ಹೇಳಿದ್ದೆ!"

"ಯಾರಿಗೆ?"

ಉತ್ತರಕ್ಕೆ ಭುವನೇಶ್ವರಿ ಕಾಯಲಿಲ್ಲ. ತಿರುಗುವಾಗ ಅವಳ ಕಣ್ಣಿಗೆ ಮುಂಬಾಗಿಲ ಹೊಸ್ತಿಲು ಬಿತ್ತು. ದೊಡ್ಡ ಕೊಲ್ಹಾಪುರಿ ಜೋಡು ಅವಳು ಸರಿಸಿಟ್ಟಲ್ಲೇ ಇತ್ತು. ಪುಂಡಲೀಕಪ್ಪ ಚಪ್ಪಲಿ ಹಾಕುವವನೇ ಅಲ್ಲ, ಅಂಬವ್ವ ಹೇಳಿದ್ದಳು. ಬೆಳಗಿನಿಂದ ಈ ಮನೆಯೊಳಗೆ ಇನ್ನೊಬ್ಬನಿದ್ದ. ಕಿರಣಕುಮಾರ ಶಿರಹಟ್ಟಿಗೆ ಹೋಗಿರಲೇ ಇಲ್ಲ. ಅವರೆಲ್ಲ ಇಲ್ಲಿ ಬಾಯಿ ಬಡಿದುಕೊಳ್ಳುವಾಗ ಅವನು ಒಳಗೆ ತನ್ನ ಕೆಲಸ ಮಾಡಿಕೊಂಡಿದ್ದ.

ಅವಳು ಇಕ್ಕಟ್ಟಿನ ಹಾದಿಗೆ ಓಡಿದಳು. ಗೂಟದಲ್ಲಿ ಚೀಲ ತೂಗುತ್ತಿತ್ತು, ಬಾಯಿ ತೆರೆದಿತ್ತು. ಒಳಗೆ ಕೈ ಹಾಕಿದಳು: ಫೋನು, ಕನ್ನಡಕದ ಡಬ್ಬಿ, ಬೂದಿಯ ಪೊಟ್ಟಣ. ಫ್ಯೂಸು ಇರಲಿಲ್ಲ.

ತಲೆ ಎತ್ತಿದಳು. ಅವಳು ಜೋತಾಡಲು ಬಿಟ್ಟು ಹೋಗಿದ್ದ ಮುಚ್ಚಳ ಕೊಳವೆಗೆ ಬಿಗಿಯಾಗಿ ಕೂತಿತ್ತು. ಸುತ್ತ ಹೊಸ ಕಂದು ಟೇಪು. ಸ್ಟೂಲಿನ ಮೇಲೆ ಮುಗಿದ ರೋಲಿನ ಖಾಲಿ ಬಳೆ ಬಿದ್ದಿತ್ತು.

"ದೊಡ್ಡವ್ವ! ಬಾಗಲಾ ತಗೀ! ಹೊರಗ ಬಾ!"

ಎರಡೂ ಕೈಯಿಂದ ಬಾಗಿಲು ಬಡಿದಳು. ಒಳಗೆ ಅಗಳಿ ಬಿಗಿದಿತ್ತು, ಕಿಟಕಿಯ ಸಂದಿಗಳಿಗೆಲ್ಲ ಚಿಂದಿ ತುರುಕಿತ್ತು. ಜಾಲರಿ ಮಾತ್ರ ತೆರೆದಿತ್ತು. ಮುಟ್ಟಬೇಡ ಎಂದು ತಾನೇ ಹೇಳಿ ಬಂದಿದ್ದಳು.

"ದೊಡ್ಡವ್ವ!"

ಬಾಗಿಲಿಗೆ ಕಿವಿಯಿಟ್ಟಳು. ಒಳಗೆ ಮಗ್ಗ ನಿಂತಿತ್ತು.